ಹೊಟ್ಟೆ ಕೊಬ್ಬು, ಉರಿಯೂತ, ರಕ್ತನಾಳ: ಏನು ಅಳೆಯಬೇಕು, ಏನು ಬದಲಿಸಬೇಕು

"ತೂಕ ಸ್ವಲ್ಪ ಜಾಸ್ತಿ ಇದೆ ಸರ್, ಆದ್ರೆ ಬಿಪಿ, ಶುಗರ್ ಎಲ್ಲಾ ನಾರ್ಮಲ್. ಹಂಗಾದ್ರೆ ತೊಂದ್ರೆ ಇಲ್ಲ ಅಲ್ವಾ?" ಬಳ್ಳಾರಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೂತಿರುವ ನನಗೆ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: "ಸಿಆರ್‌ಪಿ ಜಾಸ್ತಿ ಬಂದಿದೆ, ಹಾರ್ಟ್‌ನಲ್ಲಿ ಬ್ಲಾಕ್ ಇದೆಯಾ?" ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯ ಓದುಗರೂ ಸುತ್ತಿ ಬಳಸಿ ಇದನ್ನೇ ಕೇಳುತ್ತಾರೆ.

ಮೊದಲನೆಯದಕ್ಕೆ ನೇರ ಉತ್ತರ ಕೊಡುತ್ತೇನೆ. ಈಗ ಎಲ್ಲ ನಾರ್ಮಲ್ ಇದ್ದರೆ ಒಳ್ಳೆಯದೇ. ಆದರೆ ಸೊಂಟ ಅಳೆಯದೆ ನಿಶ್ಚಿಂತೆಯಿಂದ ಇರಬೇಡಿ. ಎರಡನೆಯದಕ್ಕೂ ನೇರ ಉತ್ತರ ಇದೆ: ಸಿಆರ್‌ಪಿ ಅನ್ನುವುದು ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು, ಅದನ್ನು ನೋಡಿ ಬ್ಲಾಕ್ ಹೇಳಲು ಆಗುವುದಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹಂತ ಹಂತವಾಗಿ ನೋಡೋಣ.

ಮೊದಲು, ಒಳಗೆ ಏನು ನಡೆಯುತ್ತದೆ

ಕೊಬ್ಬು ಅಂದರೆ ದೇಹ ಸುಮ್ನೆ ಕೂಡಿಟ್ಟ ದಾಸ್ತಾನು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕೊಬ್ಬಿನ ಜೀವಕೋಶಗಳು ದಿನವಿಡೀ ರಕ್ತಕ್ಕೆ ರಾಸಾಯನಿಕ ಸಂದೇಶಗಳನ್ನು ಬಿಡುತ್ತಲೇ ಇರುತ್ತವೆ. ಅದರಲ್ಲೂ ಕರುಳು, ಲಿವರ್ ಸುತ್ತ ಕೂಡುವ ಒಳಕೊಬ್ಬು ಬಹಳ ಚುರುಕು. ಅದರಿಂದ ಹೊರಟಿದ್ದರಲ್ಲಿ ಹೆಚ್ಚಿನದು ನೇರವಾಗಿ ಲಿವರ್‌ಗೇ ಹೋಗುತ್ತದೆ. ಕೈಯಲ್ಲಿ ಹಿಡಿಯಲು ಸಿಗುವ ಚರ್ಮದಡಿಯ ಕೊಬ್ಬು ಇದರಷ್ಟು ತಂಟೆ ಮಾಡುವುದಿಲ್ಲ.

ಬೇಕಾದ್ದಕ್ಕಿಂತ ಜಾಸ್ತಿ ತಿಂದಾಗ ಈ ಕೋಶಗಳು ಉಬ್ಬುತ್ತವೆ. ತೀರಾ ಉಬ್ಬಿದ ಕೋಶಕ್ಕೆ ಆಮ್ಲಜನಕ ಸಾಲುವುದಿಲ್ಲ, ಕೆಲವು ಸಾಯುತ್ತವೆ. ಸತ್ತದ್ದನ್ನು ತೆಗೆಯಲು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಸುತ್ತ ಕೂರುತ್ತವೆ. ಬಂದವು ಸುಮ್ಮನಿರುವುದಿಲ್ಲ. ಟಿಎನ್‌ಎಫ್ ಆಲ್ಫಾ, ಐಎಲ್-6 ಎಂಬ ಉದ್ರೇಕಕಾರಿ ಪ್ರೋಟೀನುಗಳನ್ನು ಬಿಡುತ್ತವೆ. ಐಎಲ್-6 ಲಿವರ್ ತಲುಪಿದಾಗ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಲ್ಯಾಬಿನಲ್ಲಿ ನಾವು ಅಳೆಯುವುದು ಇದನ್ನೇ. ಕೊಬ್ಬಿನ ಕೋಶಗಳು ಅಡಿಪೊನೆಕ್ಟಿನ್ ಎಂಬ ಒಳ್ಳೆಯ ಹಾರ್ಮೋನನ್ನೂ ತಯಾರಿಸುತ್ತವೆ. ಅದು ರಕ್ತನಾಳವನ್ನು ಕಾಯುತ್ತದೆ. ಬೊಜ್ಜು ಜಾಸ್ತಿ ಆದಷ್ಟೂ ಅದು ಕಡಿಮೆ ಆಗುತ್ತದೆ. ಎರಡೂ ಕಡೆಯಿಂದ ಪೆಟ್ಟು.

ಈ ಸಣ್ಣ, ಸದಾ ಇರುವ ಕೆರಳುವಿಕೆಯನ್ನೇ ದೀರ್ಘಕಾಲದ ಉರಿಯೂತ ಅನ್ನುವುದು. ಗಾಯ ಆದಾಗ ಕೆಂಪಾಗಿ, ಬಿಸಿಯಾಗಿ ಬಾತುಕೊಳ್ಳುವುದು ಕೂಡ ಉರಿಯೂತವೇ, ಆದರೆ ಅದು ವಾಸಿಯಾಗಿ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ, ನೋವೂ ಇರುವುದಿಲ್ಲ. ಎದೆಯುರಿ, ಅಂಗಾಲು ಉರಿ, ಮೈ ಉಷ್ಣ ಎಂದು ನಾವು ಹೇಳುವುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಇನ್ನು ರಕ್ತನಾಳ. ಅದರ ಒಳಮೈಗೆ ಒಂದೇ ಒಂದು ಕೋಶದ ದಪ್ಪದ ಪದರ ಇದೆ. ಹೆಸರು ಎಂಡೋಥೀಲಿಯಂ. ಇದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ, ಅದರಿಂದ ನಾಳ ಸಡಿಲವಾಗಿ ಅಗಲವಾಗುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಉರಿಯೂತ ಇದ್ದಾಗ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ನಾಳ ಬಿಗಿಯುತ್ತದೆ, ಬಿಪಿ ಏರಲು ಶುರು. ಜೊತೆಗೆ ಒಳಪದರ ಅಂಟಂಟಾಗುತ್ತದೆ. ಬಿಳಿ ರಕ್ತಕಣಗಳು ಅದಕ್ಕೆ ಅಂಟಿಕೊಂಡು ಒಳಗೆ ನುಸುಳುತ್ತವೆ, ಅಲ್ಲಿ ಸೇರಿದ ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟರಾಲನ್ನು ನುಂಗಿ ಉಬ್ಬುತ್ತವೆ. ಹೀಗೆ ಕೂಡಿದ ರಾಶಿಗೆ ಪ್ಲಾಕ್ ಎನ್ನುತ್ತಾರೆ.

ಬ್ಲಾಕ್ ಅಂದರೆ ಪೈಪಿನೊಳಗೆ ಕಸ ಕಟ್ಟುವುದು ಅಂತ ಜನ ತಿಳಿದಿದ್ದಾರೆ. ನಿಜವಾಗಿ ಆಗುವುದು ಗೋಡೆಯೊಳಗೆ ನೀರಿಳಿದು ಗಿಲಾವು ಉಬ್ಬಿ ಬರುವ ಹಾಗೆ. ಉಬ್ಬಿದ ಜಾಗ ಒಂದು ದಿನ ಒಡೆದರೆ ಅಲ್ಲಿ ರಕ್ತ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಸಣ್ಣ ಪ್ಲಾಕ್ ಕೂಡ ಒಡೆಯಬಹುದು. ಅದಕ್ಕೇ ನಿನ್ನೆಯವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಇವತ್ತು ಹಾರ್ಟ್ ಅಟ್ಯಾಕ್ ಆಗುವುದು. ಹೊಟ್ಟೆ ಕೊಬ್ಬು ರಕ್ತ ಗಡ್ಡೆ ಕರಗುವುದನ್ನೂ ತಡೆಯುತ್ತದೆ ಅನ್ನುವುದು ಇನ್ನೊಂದು ಕಾಟ.

ಇಷ್ಟು ತಿಳಿದರೆ ಸಾಕು. ಈಗ ಕೆಲಸಕ್ಕೆ ಬರೋಣ.

ಏನು ಬೇಕು

ದರ್ಜಿಯ ಅಳತೆ ಟೇಪು ಒಂದು. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷಿನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಮಣಿಕಟ್ಟಿಗೆ ಕಟ್ಟುವ ಮಷಿನ್ ಕೊಳ್ಳಬೇಡಿ, ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅದರ ಅಳತೆ ತಪ್ಪುತ್ತದೆ. ಒಂದು ನೋಟ್‌ಬುಕ್. ಹಳೆಯ ರಕ್ತದ ರಿಪೋರ್ಟ್‌ಗಳು ಎಲ್ಲೋ ಬೀರುವಿನಲ್ಲಿರುತ್ತವೆ, ಹುಡುಕಿ ತೆಗೆಯಿರಿ.

ಹಂತ 1: ಸೊಂಟ ಅಳೆಯಿರಿ

ತಪ್ಪು ಆಗುವುದೇ ಇಲ್ಲಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ.

ಪಕ್ಕೆಲುಬಿನ ಕೊನೆಯ ಎಲುಬು ಎಲ್ಲಿ ಮುಗಿಯುತ್ತದೆ ಎಂದು ಬೆರಳಿನಿಂದ ಒತ್ತಿ ನೋಡಿ. ಆಮೇಲೆ ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚು ಹುಡುಕಿ. ಎರಡರ ನಡುಮಧ್ಯೆ ಪೆನ್ನಿನಿಂದ ಗುರುತು ಹಾಕಿ. ಟೇಪನ್ನು ಆ ಗುರುತಿನ ಮೇಲೆ ಬರಿಮೈಗೆ ಸುತ್ತಬೇಕು. ಬೆನ್ನ ಹಿಂದೆ ಟೇಪು ಕೆಳಗೆ ಜಾರಿದೆಯಾ ಎಂದು ಕನ್ನಡಿಯಲ್ಲೋ ಮನೆಯವರ ಹತ್ತಿರವೋ ನೋಡಿಸಿಕೊಳ್ಳಿ. ಉಸಿರು ಸಹಜವಾಗಿ ಹೊರಗೆ ಬಿಟ್ಟು ಮುಗಿದಾಗ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಟೇಪಿಗೆ ನಾಚಿಕೆ ಯಾಕೆ?

ಪ್ಯಾಂಟಿನ ಸೈಜ್ ಹೇಳಿ ಅದೇ ಸೊಂಟದಳತೆ ಅನ್ನುವವರು ಬಹಳ. "ನಂದು 34 ಸರ್" ಅನ್ನುತ್ತಾರೆ, ಪ್ಯಾಂಟ್ ಹೊಟ್ಟೆಯ ಕೆಳಗೆ ಇಳಿದಿರುತ್ತದೆ, ಟೇಪು ಹಿಡಿದರೆ 39 ಇಂಚು. ಸೀರೆಯ ನೆರಿಗೆ, ಲಂಗದ ಗಂಟಿನ ಮೇಲೆ ಅಳೆಯುವುದೂ ತಪ್ಪೇ.

ನಮ್ಮವರಿಗೆ ಗಡಿ ಇಷ್ಟು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇಂಚಿನಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಇನ್ನೂ ಸುಲಭದ ಲೆಕ್ಕ ಒಂದಿದೆ. ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 164 ಸೆಂಟಿಮೀಟರ್ ಎತ್ತರದವರಿಗೆ 82. ಗರ್ಭಿಣಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ.

ಮನೆಗೆ ಬರುವ ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಫಾರ್ಮಿನಲ್ಲೂ ಇದೇ 80, 90ರ ಗಡಿ ಇದೆ. ಅವರು ಟೇಪು ತೆಗೆದಾಗ "ಇರ್ಲಿ ಬಿಡಮ್ಮಾ, ಅಂದಾಜು ಬರ್ಕೋ" ಅನ್ನಬೇಡಿ.

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದನ್ನೂ ನೋಡಬಹುದು: ಕೆಜಿಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಭಾರತೀಯರಿಗೆ 23ರಿಂದ ಹೆಚ್ಚುತೂಕ, 25ರಿಂದ ಬೊಜ್ಜು. ಪಾಶ್ಚಾತ್ಯರಿಗೆ ಹೇಳುವ 25, 30 ನಮಗಲ್ಲ, ಯಾಕೆಂದರೆ ಅದೇ ತೂಕಕ್ಕೆ ನಮ್ಮ ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ ಇರುತ್ತದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇರುವ ಮೈಕಟ್ಟು ನಮ್ಮಲ್ಲಿ ಬಹಳ. ಅಂಥವರ ಬಿಎಂಐ ಸರಿಯಾಗಿ ಕಂಡರೂ ಟೇಪು ನಿಜ ಹೇಳುತ್ತದೆ.

ಹಂತ 2: ಬಿಪಿ ಸರಿಯಾಗಿ ನೋಡಿ

ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಮಾತಾಡದೆ ಕೂರಿ. ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಅದಕ್ಕೂ ಅರ್ಧ ಗಂಟೆ ಮುಂಚೆ ಚಹಾ, ಬೀಡಿ, ಗುಟ್ಕಾ ಇರಬಾರದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ಎರಡನ್ನೂ ಬರೆಯಿರಿ.

ಮನೆಯಲ್ಲಿ ಒಂದು ವಾರ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಆಸ್ಪತ್ರೆಯಲ್ಲಿ ನೋಡಿದರೆ ಗಡಿ 140/90.

ದಪ್ಪ ತೋಳಿನವರು ಇದೊಂದು ನೆನಪಿಡಿ. ಮಷಿನ್ ಜೊತೆ ಬರುವ ಪಟ್ಟಿ ಮಧ್ಯಮ ತೋಳಿಗೆ ಮಾಡಿದ್ದು. ಸಣ್ಣ ಪಟ್ಟಿ ಬಿಗಿಯಾಗಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಬೇರೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಹಂತ 3: ರಕ್ತ ಪರೀಕ್ಷೆ, ಬೇಕಾದಷ್ಟೇ

ಪ್ಯಾಕೇಜು ನೋಡಿ ಮರುಳಾಗಬೇಡಿ. ಲ್ಯಾಬಿನವನಾಗಿ ನಾನು ಇದನ್ನು ಹೇಳಬಾರದೇನೋ, ಆದರೂ ಹೇಳುತ್ತೇನೆ: ಎಪ್ಪತ್ತು ಎಂಬತ್ತು ಪರೀಕ್ಷೆಯ ಪಟ್ಟಿಯಲ್ಲಿ ನಿಮಗೆ ಈಗ ಬೇಕಾದವು ಬೆರಳೆಣಿಕೆ. ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ ಅಂದರೆ ಮೂರು ತಿಂಗಳ ಶುಗರ್ ಸರಾಸರಿ, ಲಿಪಿಡ್ ಪ್ರೊಫೈಲ್ ಅಂದರೆ ಕೊಲೆಸ್ಟರಾಲ್ ಮತ್ತು ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಲೆಕ್ಕ, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್‌ಗೆ ಎಸ್‌ಜಿಪಿಟಿ. ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ನಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಎನ್‌ಸಿಡಿ ಅಂದರೆ ಅಂಟದ ಕಾಯಿಲೆಗಳು.

ಬರುವಾಗ 10ರಿಂದ 12 ತಾಸು ಊಟ ಬಿಟ್ಟಿರಬೇಕು, ನೀರು ಕುಡಿಯಬಹುದು. ಹಿಂದಿನ ರಾತ್ರಿ ಮದುವೆ ಊಟ ಹೊಡೆದು ಬೆಳಿಗ್ಗೆ ಲಿಪಿಡ್ ಕೊಡಲು ಬಂದರೆ ಟ್ರೈಗ್ಲಿಸರೈಡ್ ಮೇಲೇರಿ ಕೂತಿರುತ್ತದೆ.

ರಿಪೋರ್ಟ್ ಬಂದ ಮೇಲೆ ಈ ಐದು ನೋಡಿ. ಸೊಂಟ ಮೇಲಿನ ಗಡಿ ದಾಟಿದೆಯಾ? ಬಿಪಿ 130/85 ಅಥವಾ ಮೇಲೆ ಇದೆಯಾ? ಖಾಲಿ ಹೊಟ್ಟೆ ಶುಗರ್ 100 ಅಥವಾ ಮೇಲೆ? ಟ್ರೈಗ್ಲಿಸರೈಡ್ 150 ಅಥವಾ ಮೇಲೆ? ಎಚ್‌ಡಿಎಲ್ ಅಂದರೆ ಒಳ್ಳೆಯ ಕೊಲೆಸ್ಟರಾಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ? ಐದರಲ್ಲಿ ಮೂರಕ್ಕೆ ಹೌದು ಅಂದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ಮೊದಲ ಪ್ರಶ್ನೆ ಕೇಳಿದವರು ಇಲ್ಲೇ ಸಿಕ್ಕಿಬೀಳುವುದು: ಶುಗರ್ 106, ಬಿಪಿ 132/86, ಎರಡೂ "ನಾರ್ಮಲ್ ಹತ್ರ" ಅಂದುಕೊಂಡು ಬಿಟ್ಟಿರುತ್ತಾರೆ. ಸೊಂಟ ಸೇರಿಸಿದರೆ ಮೂರಾಯಿತು.

ರಕ್ತಹೀನತೆ ಇರುವ ಹೆಂಗಸರಿಗೆ ಒಂದು ಮಾತು. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಈಗ ಸಿಆರ್‌ಪಿ. ಎರಡು ಥರ ಇದೆ. ಸಾದಾ ಸಿಆರ್‌ಪಿ ಜ್ವರ, ಸೋಂಕು ನೋಡಲು. ಎಚ್‌ಎಸ್-ಸಿಆರ್‌ಪಿ ಬಹಳ ಸಣ್ಣ ಪ್ರಮಾಣವನ್ನೂ ಹಿಡಿಯುತ್ತದೆ. ರಕ್ತನಾಳದ ಅಪಾಯ ಅಂದಾಜಿಸಲು ಬೇಕಾದ್ದು ಎರಡನೆಯದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಜಾಸ್ತಿ. 10 ದಾಟಿದರೆ ಅದು ಸಾಮಾನ್ಯವಾಗಿ ಸೋಂಕು ಅಥವಾ ಬೇರೆ ಕಾಯಿಲೆ. ಅದರ ಕಾರಣ ಹುಡುಕಬೇಕು, ಹೃದಯದ ಲೆಕ್ಕಕ್ಕೆ ಹಿಡಿಯಬಾರದು.

ಇಲ್ಲಿ ಜನ ಗಾಬರಿಯಾಗುವುದಕ್ಕೆ ಒಂದು ಸಣ್ಣ ಕಾರಣ ಇದೆ, ಯಾರೂ ಹೇಳುವುದಿಲ್ಲ. ಕೆಲವು ಲ್ಯಾಬುಗಳು ಲೀಟರಿಗೆ ಲೆಕ್ಕ ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ಡೆಸಿಲೀಟರಿಗೆ 0.3 ಅಂದರೆ ಲೀಟರಿಗೆ 3. ಒಂದು ಲ್ಯಾಬಿನ 0.3 ಮತ್ತು ಇನ್ನೊಂದರ 3 ಎದುರು ಬದುರು ಇಟ್ಟು "ಹತ್ತು ಪಟ್ಟು ಏರಿದೆ" ಎಂದು ರಾತ್ರಿ ನಿದ್ದೆಗೆಟ್ಟವರಿದ್ದಾರೆ. ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿ.

ನೆಗಡಿ, ಜ್ವರ, ಹಲ್ಲುನೋವು, ಗಾಯ ಇದ್ದಾಗ ಈ ಪರೀಕ್ಷೆ ಮಾಡಿಸಬೇಡಿ. ಗರ್ಭನಿರೋಧಕ ಮಾತ್ರೆ, ಸಂಧಿವಾತ ಕೂಡ ಸಿಆರ್‌ಪಿ ಏರಿಸುತ್ತವೆ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿದ ಮೇಲಷ್ಟೇ ಅದಕ್ಕೆ ಬೆಲೆ. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದಷ್ಟೇ ಅದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಸೊಂಟ ದೊಡ್ಡದಿದ್ದು ಉಳಿದ ಅಂಕಿಗಳೂ ಕೆಟ್ಟಿದ್ದರೆ ಎಚ್‌ಎಸ್-ಸಿಆರ್‌ಪಿ ಮಾಡಿಸದೇ ಕೆಲಸ ಶುರು ಮಾಡಬಹುದು. ದುಡ್ಡು ಉಳಿಯುತ್ತದೆ.

ಹಂತ 4: ತಟ್ಟೆ

ಗುರಿ ದೊಡ್ಡದಿರಬೇಕಿಲ್ಲ. ಈಗಿರುವ ತೂಕದ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಸುಧಾರಿಸುತ್ತವೆ, ಸಿಆರ್‌ಪಿಯೂ ಇಳಿಯುತ್ತದೆ. 80 ಕೆಜಿ ಇದ್ದವರಿಗೆ 4ರಿಂದ 8 ಕೆಜಿ. ವಾರಕ್ಕೆ ಅರ್ಧ ಕೆಜಿ ಸಾಕು. ಹಸಿದುಕೊಂಡು ಸರಸರ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಇದೆ, ಸ್ನಾಯುವೂ ಕರಗುತ್ತದೆ.

ನಮ್ಮ ಭಾಗದವರಿಗೆ ಅನುಕೂಲ ಏನೆಂದರೆ ಒಳ್ಳೆಯ ಊಟ ಹೊರಗಿನಿಂದ ತರಬೇಕಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಹೆಸರುಕಾಳು, ಮಡಿಕೆಕಾಳು, ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮಜ್ಜಿಗೆ. ನಾರು ಇದೆ, ಪ್ರೋಟೀನ್ ಇದೆ, ಹೊಟ್ಟೆ ಬೇಗ ತುಂಬುತ್ತದೆ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತ ಹೆಚ್ಚಿತು, ತಟ್ಟೆಯಲ್ಲೂ ಅನ್ನ ಹೆಚ್ಚಿತು. ಅನ್ನ ಬಿಡಿ ಅಂತ ನಾನು ಹೇಳುತ್ತಿಲ್ಲ. ತಟ್ಟೆಯ ಅರ್ಧ ಪಲ್ಲೆ, ಕಾಲು ಭಾಗ ಕಾಳು ಅಥವಾ ಬೇಳೆ ಅಥವಾ ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ರೊಟ್ಟಿ ಇಲ್ಲವೇ ಅನ್ನ. ರೊಟ್ಟಿಯೂ ತಿಂದು ಮೇಲೆ ಅನ್ನದ ಗುಡ್ಡೆಯೂ ಆದರೆ ಲೆಕ್ಕ ತಪ್ಪಿತು.

ಜೋಳ ಒಳ್ಳೆಯದು ಎಂದು ಐದಾರು ರೊಟ್ಟಿ ಇಳಿಸುವವರಿಗೂ ಇದೇ ಮಾತು. ಜೋಳದಲ್ಲೂ ಪಿಷ್ಟ ಇದೆ. ಹೊಲದಲ್ಲಿ ದಿನವಿಡೀ ದುಡಿದ ಅಜ್ಜನಿಗೆ ಆರು ರೊಟ್ಟಿ ಸರಿ, ಅಂಗಡಿಯ ಗಲ್ಲಾದ ಹಿಂದೆ ಕೂತ ಮೊಮ್ಮಗನಿಗೆ ಎರಡು ಸಾಕು.

ಎಣ್ಣೆ: ಒಬ್ಬರಿಗೆ ದಿನಕ್ಕೆ 4 ಸಣ್ಣ ಚಮಚ, ತಿಂಗಳಿಗೆ ಸುಮಾರು 600 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ, ಒಮ್ಮೆ ಲೆಕ್ಕ ಹಾಕಿ. ಎರಡೂವರೆ ಕೆಜಿ ದಾಟಿದ್ದರೆ ಎಣ್ಣೆಗಾಯಿಯಲ್ಲಿ ತೇಲುತ್ತಿರುವುದು ಏನೆಂದು ಗೊತ್ತಾಗುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಳ್ಳೆಯವೇ. ಒಂದೆರಡು ಚಮಚಕ್ಕೆ ನಿಲ್ಲಿಸಿ, ಮೇಲೆ ಮತ್ತೆ ಎಣ್ಣೆ ಸುರಿದುಕೊಳ್ಳಬೇಡಿ.

ಸಂಜೆಯ ಒಗ್ಗರಣಿ ಮಿರ್ಚಿ ವಿಷಯಕ್ಕೆ ಬಂದರೆ ಓದುಗರು ಮುನಿಸಿಕೊಳ್ಳುತ್ತಾರೆ. ಮಂಡಕ್ಕಿಯಿಂದ ಅಂಥ ತೊಂದರೆ ಇಲ್ಲ, ತೊಂದರೆ ಪಕ್ಕದ ಮೆಣಸಿನಕಾಯಿ ಬಜ್ಜಿಯದು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಕೆಡುತ್ತದೆ, ರಕ್ತನಾಳದ ಒಳಪದರಕ್ಕೆ ಅಂಥ ಎಣ್ಣೆ ನೇರ ಪೆಟ್ಟು. ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆ ಬರುತ್ತಿದ್ದರೆ ಆ ಗಾಡಿ ಬಿಡಿ. ವಾರಕ್ಕೊಮ್ಮೆ, ಒಂದೋ ಎರಡೋ ಮಿರ್ಚಿ. ಉಳಿದ ದಿನ ಮಂಡಕ್ಕಿಗೆ ಉಳ್ಳಾಗಡ್ಡಿ, ಟೊಮ್ಯಾಟೊ, ಪುಠಾಣಿ ಹಾಕಿ ಮನೆಯಲ್ಲೇ ಮಾಡಿಕೊಳ್ಳಿ.

ಸಕ್ಕರೆ ಎಲ್ಲಿ ಬರುತ್ತದೆ ಗೊತ್ತಾ? ಚಹಾದಲ್ಲಿ. ದಿನಕ್ಕೆ 4 ಕಪ್, ಕಪ್ಪಿಗೆ 2 ಚಮಚ ಅಂದರೆ 35 ಗ್ರಾಂ ಆಸುಪಾಸು. 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಹಿತಿಂಡಿ ಮುಟ್ಟದೆಯೇ ಗಡಿ ದಾಟಿದಿರಿ. ಬೆಲ್ಲ ಹಾಕಿದರೆ ತಪ್ಪಿಸಿಕೊಂಡೆವು ಅನ್ನಬೇಡಿ, ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಬೇಸಿಗೆಯಲ್ಲಿ ಕೂಲ್ ಡ್ರಿಂಕ್ಸ್ ಬದಲು ಮಜ್ಜಿಗೆ.

ಉಪ್ಪು ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಸೇರಿ.

ಅರಿಶಿನದ ಕ್ಯಾಪ್ಸೂಲ್ ಉರಿಯೂತ ಕಡಿಮೆ ಮಾಡುತ್ತದೆಯಾ ಎಂದು ಪದೇ ಪದೇ ಕೇಳುತ್ತೀರಿ. ಅಡುಗೆಗೆ ಹಾಕುವಷ್ಟು ಹಾಕಿ. ಕ್ಯಾಪ್ಸೂಲ್ ಬೇಡ. ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಸೊಂಟದ ಕೊಬ್ಬು ಹಾಗೇ ಇದ್ದರೆ ಯಾವ ಪುಡಿಯೂ ಮೂಲ ಕಾರಣ ಮುಟ್ಟುವುದಿಲ್ಲ.

ಹಂತ 5: ನಡಿಗೆ

ಒಂದು ತಿಂಗಳು ನಡೆದೆ, ತೂಕ ಇಳಿಯಲಿಲ್ಲ ಎಂದು ನಿಲ್ಲಿಸುವವರು ಬಹಳ. ನಿಲ್ಲಿಸಬೇಡಿ. ನಡೆಯುವಾಗ ರಕ್ತ ವೇಗವಾಗಿ ಹರಿದು ನಾಳದ ಒಳಪದರವನ್ನು ಉಜ್ಜುತ್ತದೆ. ಆ ಉಜ್ಜುವಿಕೆಗೇ ನೈಟ್ರಿಕ್ ಆಕ್ಸೈಡ್ ಹೊರಬರುವುದು. ತೂಕದ ಮುಳ್ಳು ಅಲ್ಲಾಡದಿದ್ದರೂ ರಕ್ತನಾಳಕ್ಕೆ ಲಾಭ ಆಗುತ್ತಿರುತ್ತದೆ. ಒಳಕೊಬ್ಬು ಕೂಡ ಮೊದಲು ಕರಗುವ ಪೈಕಿ.

ವಾರಕ್ಕೆ 150 ನಿಮಿಷ, ಅಂದರೆ 5 ದಿನ ಅರ್ಧ ಗಂಟೆ. ವೇಗ ಎಷ್ಟಿರಬೇಕು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಟ್ಟಿಗೆ ಆಗದಿದ್ದರೆ ಊಟದ ನಂತರ ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿ, ಊಟದ ನಂತರದ ಶುಗರೂ ಇಳಿಯುತ್ತದೆ. ವಾರಕ್ಕೆ ಎರಡು ದಿನ ಸ್ನಾಯುವಿಗೆ ಕೆಲಸ ಕೊಡಿ: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ನೀರು ತುಂಬಿದ ಕೊಡ ಎತ್ತುವುದು.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಮಷಿನ್ ಮುಂದೆ ಕೂತವರು, ಬ್ಯಾಂಕು, ಅಂಗಡಿಯವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಬೇಕು. ಬೆಳಿಗ್ಗೆ ಅರ್ಧ ಗಂಟೆ ನಡೆದರೂ ಉಳಿದ ಹತ್ತು ತಾಸು ಅಲ್ಲಾಡದೆ ಕೂತರೆ ಆ ಲಾಭ ಕಡಿಮೆಯಾಗುತ್ತದೆ.

ಬಿಸಿಲಿನದು ನಮ್ಮ ಕಡೆ ನಿಜವಾದ ತೊಂದರೆ. ಮಾರ್ಚ್‌ನಿಂದ ಮೇವರೆಗೆ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ 7ರೊಳಗೆ ಮುಗಿಸಿ, ಇಲ್ಲವೇ ರಾತ್ರಿ ಊಟದ ನಂತರ ಮನೆ ಮುಂದೆ. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಲ್ಲಿ ತಲೆ ಸುತ್ತು ಬರಬಹುದು. ಬೇಸಿಗೆ ಶುರುವಾಗುವಾಗ ಡಾಕ್ಟರನ್ನು ಒಂದು ಮಾತು ಕೇಳಿ.

ಇನ್ನೊಂದು ಎಚ್ಚರಿಕೆ. ವರ್ಷಗಟ್ಟಲೆ ಕೂತಿದ್ದವರು ಹುರುಪಿನಲ್ಲಿ ಒಂದೇ ದಿನ ಅಂಜನಾದ್ರಿಯ 575 ಮೆಟ್ಟಿಲನ್ನೋ ಬಳ್ಳಾರಿ ಕೋಟೆ ಗುಡ್ಡವನ್ನೋ ಹತ್ತಲು ಹೋಗಬೇಡಿ. ಸಮತಟ್ಟಿನ ನೆಲದಿಂದ ಶುರು ಮಾಡಿ. ನಡೆಯುವಾಗ ಎದೆ ಬಿಗಿದು, ನಿಂತರೆ ಸರಿಹೋಗುತ್ತದೆ ಅನ್ನುವವರು ನಡಿಗೆ ನಿಲ್ಲಿಸಿ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಅದು ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ.

ಹಂತ 6: ನಿದ್ದೆ, ತಂಬಾಕು, ಹಲ್ಲು

ಇದನ್ನು ಬೇಗ ಮುಗಿಸುತ್ತೇನೆ. 7 ತಾಸು ನಿದ್ದೆ ಬೇಕು. ತೋರಣಗಲ್ಲಿನ ಕಾರ್ಖಾನೆ, ಶಕ್ತಿನಗರ, ಹಟ್ಟಿ ಗಣಿಯ ಶಿಫ್ಟ್ ಕೆಲಸದವರು ಹಗಲು ಮಲಗುವಾಗ ಕಿಟಕಿಗೆ ದಪ್ಪ ಪರದೆ ಹಾಕಿ, ನಡುರಾತ್ರಿ ಊಟ ಹಗುರ ಇರಲಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ ನಗಬೇಡಿ. ಅದು ಸ್ಲೀಪ್ ಆಪ್ನಿಯಾ ಇರಬಹುದು. ರಾತ್ರಿಯೆಲ್ಲ ಆಮ್ಲಜನಕ ಇಳಿದು ಏರುವುದರಿಂದ ಉರಿಯೂತವೂ ಬಿಪಿಯೂ ಏರುತ್ತವೆ. ಬೀಡಿ, ಸಿಗರೇಟು, ಗುಟ್ಕಾ ಎಲ್ಲವೂ ರಕ್ತನಾಳಕ್ಕೆ ಕೇಡು, ಅಗಿದು ಉಗಿದರೆ ಪರವಾಗಿಲ್ಲ ಅನ್ನುವುದು ಸುಳ್ಳು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುತ್ತಿದ್ದರೆ ದಂತವೈದ್ಯರಿಗೆ ತೋರಿಸಿ. ಒಸಡಿನ ಕಾಯಿಲೆಯಿಂದಲೂ ಸಿಆರ್‌ಪಿ ಏರುತ್ತದೆ.

ಹಂತ 7: ಡಾಕ್ಟರ್ ಮತ್ತು ಔಷಧಿ

ನೋಟ್‌ಬುಕ್, ರಿಪೋರ್ಟ್ ಎರಡೂ ತೆಗೆದುಕೊಂಡು ಹೋಗಿ. ತಾಲೂಕು ಆಸ್ಪತ್ರೆಯಲ್ಲೇ ಶುರು ಮಾಡಬಹುದು. ದೊಡ್ಡ ತಪಾಸಣೆ ಬೇಕಾದರೆ ಬಳ್ಳಾರಿಯ ವಿಮ್ಸ್, ಅಂದರೆ ಈಗಿನ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವೆ.

"ಉರಿಯೂತ ಇಳಿಸುವ ಮಾತ್ರೆ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕೈಗೆ ಬರುತ್ತದೆ. ಹೊಟ್ಟೆ ಕೊಬ್ಬಿನ ಉರಿಯೂತಕ್ಕೆ ಇವು ಔಷಧಿಯಲ್ಲ. ದಿನಾ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿ ಕೆಡುತ್ತದೆ, ಹಾರ್ಟ್ ಅಟ್ಯಾಕ್ ಅಪಾಯವೂ ಜಾಸ್ತಿ. ಸಂಧಿನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆ ಕೊಡುವವರ ಹತ್ತಿರ ಹೋಗಲೇಬೇಡಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಸಿಕ್ಕಿದೆ. ಸ್ಟಿರಾಯ್ಡ್ ಹೊಟ್ಟೆಯ ಕೊಬ್ಬನ್ನೇ ಬೆಳೆಸುತ್ತದೆ. ರಕ್ತ ತೆಳುವಾಗಲಿ ಎಂದು ಆಸ್ಪಿರಿನ್ ಸಹ ನೀವಾಗಿಯೇ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ಎಲ್‌ಡಿಎಲ್ ಜೊತೆ ಉರಿಯೂತವನ್ನೂ ಸ್ವಲ್ಪ ಇಳಿಸುತ್ತದೆ. ಡಾಕ್ಟರ್ ಬರೆದಿದ್ದರೆ ರಿಪೋರ್ಟ್ ನಾರ್ಮಲ್ ಬಂತು ಎಂದು ನಿಲ್ಲಿಸಬೇಡಿ. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆಯೂ ಕೇಳುತ್ತಿದ್ದೀರಿ. 2023ರಲ್ಲಿ ಹೊರಬಂದ ಸೆಲೆಕ್ಟ್ ಎಂಬ ಅಧ್ಯಯನದಲ್ಲಿ, ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದು, ತೂಕ ಜಾಸ್ತಿ ಇದ್ದು, ಶುಗರ್ ಇಲ್ಲದ ಹದಿನೇಳು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟು ಸೇರಿ ನೂರಕ್ಕೆ 20ರಷ್ಟು ಕಡಿಮೆಯಾದವು. ಒಳ್ಳೆಯ ಸುದ್ದಿಯೇ. ಆದರೆ ವಾಂತಿ, ವಾಕರಿಕೆ ಇದೆ, ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ, ಬೆಲೆಯೂ ಇದೆ. ಮದುವೆಗೆ ಮುಂಚೆ ಸಣ್ಣ ಕಾಣಲು ತೆಗೆದುಕೊಳ್ಳುವ ವಸ್ತು ಅಲ್ಲ.

ಎದೆ ಮಧ್ಯೆ ಒತ್ತಿದಂತೆ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದಾದರೂ ಆದರೆ 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ದೊಡ್ಡ ಊರಿಗೆ ಹೋಗೋಣ ಎಂದು ಕಾರು ಹುಡುಕುತ್ತಾ ಕೂರಬೇಡಿ.

ಹಂತ 8: ಮೂರು ತಿಂಗಳಿಗೆ ಮತ್ತೆ ಅಳೆಯಿರಿ

ಸೊಂಟ ತಿಂಗಳಿಗೊಮ್ಮೆ, ತೂಕ ವಾರಕ್ಕೊಮ್ಮೆ, ರಕ್ತ ಮೂರು ತಿಂಗಳಿಗೆ. ದಿನಾ ತೂಕ ನೋಡಿದರೆ ನೀರಿನ ಏರಿಳಿತ ಕಂಡು ಬೇಸರ ಬರುತ್ತದೆ ಅಷ್ಟೇ. ಮೊದಲು ಬದಲಾಗುವುದು ಸಾಮಾನ್ಯವಾಗಿ ಟ್ರೈಗ್ಲಿಸರೈಡ್ ಮತ್ತು ಬಿಪಿ. ಆಮೇಲೆ ಸೊಂಟ. ಎಚ್‌ಡಿಎಲ್ ಏರಲು ತಿಂಗಳುಗಳೇ ಬೇಕು. ಎಲ್ಲ ಮಾಡಿದರೂ ಎಲ್‌ಡಿಎಲ್ ಅಲ್ಲಾಡದಿದ್ದರೆ ಅದು ವಂಶದಿಂದ ಬಂದಿದ್ದಿರಬಹುದು, ಮಾತ್ರೆ ಬೇಕಾಗಬಹುದು. ಮಾತ್ರೆ ಬೇಕಾಯಿತು ಎಂದು ನಿಮ್ಮ ಶ್ರಮ ದಂಡ ಆಯಿತು ಅಂದುಕೊಳ್ಳಬೇಡಿ.

ಮರುಪರೀಕ್ಷೆಗೆ ಅದೇ ಲ್ಯಾಬಿಗೆ, ಅಷ್ಟೇ ತಾಸು ಉಪವಾಸ ಇದ್ದು ಹೋಗಿ, ಆಗಷ್ಟೇ ಹಳೆಯ ಅಂಕಿ ಹೊಸ ಅಂಕಿ ಹೋಲಿಸಲು ಬರುತ್ತದೆ.

ಊಟ, ನಡಿಗೆ ಏನೂ ಬದಲಿಸದೆ ತೂಕ ತಾನಾಗಿಯೇ ಇಳಿಯುತ್ತಿದ್ದರೆ ಮಾತ್ರ ಖುಷಿ ಪಡಬೇಡಿ. ಹತೋಟಿ ತಪ್ಪಿದ ಶುಗರ್, ಥೈರಾಯ್ಡ್, ಕ್ಷಯ ಅಥವಾ ಇನ್ನೇನೋ ಇರಬಹುದು. ಮೂರು ತಿಂಗಳು ಕಾಯದೆ ಅದೇ ವಾರ ತೋರಿಸಿ.